ಮಗ್ಗುಲಮ್ಮನ ಹದಿನಾಲ್ಕು ಸೊನ್ನೆಗಳು

ಮಧ್ಯಾಹ್ನ ಎರಡು ಗಂಟೆಗೆ ಆ ಮನೆಯ ಮೇಲಂತಸ್ತಿನ ಉದ್ದ ಕೋಣೆ ನೀರಿನಲ್ಲಿ ಮುಳುಗಿದಂತಿರುತ್ತದೆ. ಹಳದಿ ಪರದೆಗಳನ್ನು ಹಾದು ಬಂದ ಬಿಸಿಲು ನೆಲ ಮುಟ್ಟುವ ಮುಂಚೆ ಸ್ವಲ್ಪ ಹೊತ್ತು ತೇಲುತ್ತದೆ. ಎಂಟು ಹಾಸಿಗೆಗಳು ಗೋಡೆಗೆ ತಲೆ ಕೊಟ್ಟು, ದಡಕ್ಕೆ ಕಟ್ಟಿದ ದೋಣಿಗಳಂತೆ ಸಾಲಾಗಿ ನಿಂತಿವೆ. ಊಟದ ತಟ್ಟೆಗಳು ಕೆಳಗೆ ಹೋಗಿವೆ. ಮಾತ್ರೆಗಳು ಹೊಟ್ಟೆಗೆ ಇಳಿದಿವೆ. ಎಂಟು ಜನ ಎಂಟು ಕಡೆಗೆ ಹೊರಟುಹೋಗಿದ್ದಾರೆ. ಅವರವರ ಮೈಗಳನ್ನು ಮಾತ್ರ ಇಲ್ಲಿ ಒಪ್ಪಿಸಿ ಹೋಗಿದ್ದಾರೆ.

ಇದು ಎದ್ದು ಓಡಾಡಲಾಗದ ಹಿರಿಯರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆ. ಇಲ್ಲಿ ಇಪ್ಪತ್ತೊಂದು ವರ್ಷದಿಂದ ಆಯಾ ಕೆಲಸ ಮಾಡುವ ಹೆಂಗಸೊಬ್ಬಳು ಈ ಹೊತ್ತಿಗೆ ಮೆಟ್ಟಿಲು ಹತ್ತಿ ಬರುತ್ತಾಳೆ. ಮೆತ್ತನೆ ಅಟ್ಟೆಯ ಚಪ್ಪಲಿ, ನೀಲಿ ಕೋಟು, ಜೇಬಿನಲ್ಲೊಂದು ಪೆನ್ನು. ಬಾಗಿಲ ಬಳಿಯ ತೊಟ್ಟಿಯಲ್ಲಿ ಕೈ ತೊಳೆದು, ಒರೆಸಿ, ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳುತ್ತಾಳೆ. ತಣ್ಣನೆಯ ಕೈ ತಾಗಿದರೆ ನಿದ್ದೆಯಲ್ಲಿರುವವರು ಬೆಚ್ಚುತ್ತಾರೆ, ಬೆಚ್ಚಿದ ಮೈ ಬಿಗಿಯುತ್ತದೆ, ಬಿಗಿದ ಮೈಯನ್ನು ತಿರುಗಿಸುವುದೆಂದರೆ ಗೋಡೆಯಿಂದ ಬಾಗಿಲು ಕಿತ್ತಂತೆ.

ಅವಳ ಕೆಲಸ ಹೇಳಲು ಸುಲಭ. ತಾನಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಎಡಕ್ಕೆ, ಬೆನ್ನ ಮೇಲೆ, ಬಲಕ್ಕೆ, ಮತ್ತೆ ಎಡಕ್ಕೆ. ಮಂಡಿಗಳ ನಡುವೆ ದಿಂಬು ಇಡಬೇಕು. ಹಾಸಿದ ಬಟ್ಟೆಯಲ್ಲಿ ಒಂದು ಸುಕ್ಕೂ ಇರಬಾರದು, ಏಕೆಂದರೆ ಆರು ಗಂಟೆ ಅದರ ಮೇಲೆ ಮಲಗಿದವನಿಗೆ ಸುಕ್ಕು ಎಂಬುದು ಮೊಂಡು ಚಾಕು. ಒಂದೇ ಕಡೆ ಬಿಟ್ಟರೆ ಎಲುಬು ಒಳಗಿನಿಂದ ಒತ್ತುತ್ತದೆ, ಹಾಸಿಗೆ ಹೊರಗಿನಿಂದ ಒತ್ತುತ್ತದೆ, ನಡುವೆ ಸಿಕ್ಕ ಮಾಂಸ ಮಾತಿಲ್ಲದೆ ಸಾಯುತ್ತದೆ. ಅದಕ್ಕೆ ಹಾಸಿಗೆ ಹುಣ್ಣು ಎನ್ನುತ್ತಾರೆ. ಪಾಪ, ಹಾಸಿಗೆಯ ಮೇಲೆ ಯಾಕೆ ಗೂಬೆ ಕೂರಿಸುತ್ತಾರೋ. ಅದು ಬಾರದವರ ಹುಣ್ಣು. ಬರಬೇಕಾದ ಹೊತ್ತಿಗೆ ಯಾರೂ ಬಾರದೆ ಹುಟ್ಟಿದ ಹುಣ್ಣು.

ನಿದ್ದೆಯಲ್ಲಿರುವವರನ್ನು ಹೊರಳಿಸುವಾಗ ಅವರ ಕನಸು ಚೂರು ತುಳುಕುತ್ತದೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಹಿಂದೆ ಶಾಲೆ ನಡೆಸಿದ ಹೆಡ್‌ಮಿಸ್ ಮಲಗಿದ್ದಾರೆ. ಕುತ್ತಿಗೆಯಿಂದ ಕೆಳಗೆ ಅವರಿಗೇನೂ ಆಡುವುದಿಲ್ಲ, ಕುತ್ತಿಗೆಯಿಂದ ಮೇಲೆ ಎಲ್ಲವೂ ಬಲು ಜೋರಾಗಿಯೇ ಆಡುತ್ತದೆ. ಆಯಾ ಅವರ ಭುಜಕ್ಕೊಂದು ಕೈ, ಸೊಂಟಕ್ಕೊಂದು ಕೈ ಕೊಟ್ಟು ಪಿಸುಗುಡುತ್ತಾಳೆ.

“ಎಡಕ್ಕೆ ಹೋಗೋಣ್ವಾ ಮಿಸ್?”

“ಹಿಂದಿನ ಬೆಂಚು, ಎದ್ದು ನಿಲ್ಲು,” ಎನ್ನುತ್ತಾರೆ ಹೆಡ್‌ಮಿಸ್, ಕಣ್ಣು ಮುಚ್ಚಿಯೇ.

“ನಿಂತಿದೀನಿ ಮಿಸ್.”

“ಹೋಮ್‌ವರ್ಕ್ ಎಲ್ಲಿ?”

“ನಾಳೆ ತರ್ತೀನಿ ಮಿಸ್.”

“ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ.” ಅಷ್ಟರಲ್ಲಿ ಎಡಕ್ಕೆ ಹೊರಳಿಯಾಗಿರುತ್ತದೆ, ತರಗತಿ ಬಿಟ್ಟಿರುತ್ತದೆ.

ಎರಡನೆಯ ಹಾಸಿಗೆಯ ಲಾರಿ ಚಾಲಕ ತಿರುಗುವಾಗ ಹಾರನ್ ಹೊಡೆಯುತ್ತಾನೆ. ನಾಲ್ಕನೆಯ ಹಾಸಿಗೆಯ ಟೈಲರ್ ಯಜಮಾನರು ಅಳತೆ ಹೇಳುತ್ತಾರೆ: ಎದೆ ನಲವತ್ತು, ತೋಳು ಇಪ್ಪತ್ಮೂರು. ಇವಳು ಯಾರನ್ನೂ ಎಬ್ಬಿಸುವುದಿಲ್ಲ. ಅವರ ಕನಸಿನೊಳಕ್ಕೆ ತಲೆ ಬಾಗಿಸಿ ಹೋಗಿ, ಕೊಟ್ಟ ಪಾತ್ರ ಮಾಡಿ, ಹೊರಗೆ ಬರುತ್ತಾಳೆ. ಎಡಮಗ್ಗುಲಲ್ಲಿ ಬಾಲ್ಯ ಬರುತ್ತದೆ, ಬಲಮಗ್ಗುಲಲ್ಲಿ ಕಸುಬು ಬರುತ್ತದೆ, ಅಂಗಾತ ಮಲಗಿದರೆ ತೀರಿಕೊಂಡವರು ನೋಡಲು ಬರುತ್ತಾರೆ ಎಂಬುದು ಅವಳ ಲೆಕ್ಕ. ಇದಕ್ಕೆ ಯಾವ ಡಾಕ್ಟರ ಸಹಿಯೂ ಇಲ್ಲ. ಇಪ್ಪತ್ತೊಂದು ವರ್ಷದ ಮಧ್ಯಾಹ್ನಗಳ ಸಾಕ್ಷಿ ಇದೆ.

ಅವಳಿಗೆ ಮಗ್ಗುಲಮ್ಮ ಎಂದು ಹೆಸರಿಟ್ಟವರು ಹೆಡ್‌ಮಿಸ್ಸೇ. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿದೆ, ಅಲ್ಲೇ ಇರಲಿ.

ಈ ಕೆಲಸಕ್ಕೆ ಮುಂಚೆ ಹನ್ನೊಂದು ವರ್ಷ ಅವಳು ಸೋಪಿನ ಕಾರ್ಖಾನೆಯಲ್ಲಿ ಸೋಪಿಗೆ ಕಾಗದ ಸುತ್ತುತ್ತಿದ್ದಳು. ಹಸಿ ಸೋಪಿನ ಮೇಲೆ ಹೆಬ್ಬೆರಳ ಗುರುತು ಬಿದ್ದರೆ ಆ ಸೋಪು ಕಸಕ್ಕೆ. ಒತ್ತದೆ ಹಿಡಿಯುವುದನ್ನು ಕೈ ಅಲ್ಲೇ ಕಲಿಯಿತು. ಕಾರ್ಖಾನೆ ಮುಚ್ಚಿದ ಮೇಲೆ ನಾದಿನಿಯ ಕೈಹಿಡಿದು ಇಲ್ಲಿಗೆ ಬಂದಳು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ದಿನವಿಡೀ ಬಸ್ಸಿನ ಕೆಳಗೆ ಅಂಗಾತ ಮಲಗಿ ದುಡಿಯುವವನು. ಇಬ್ಬರಿಗೂ ರಜೆ ಸಿಕ್ಕ ದಿನ ಊಟ ಮಾಡಿ ಅವನು ಒರಗಿದರೆ, ಇವಳು ಪಕ್ಕದಲ್ಲಿ ತೂಕಡಿಸುತ್ತಲೇ ಅವನ ಭುಜಕ್ಕೆ ಕೈ ಕೊಟ್ಟು, ಬಲಕ್ಕೆ ಹೋಗೋಣ್ವಾ ಯಜಮಾನ್ರೇ ಎನ್ನುತ್ತಾಳೆ. ಅವನು, ನಾನಿನ್ನೂ ನಿಮ್ಮ ಮನೆಗೆ ಭರ್ತಿಯಾಗಿಲ್ಲ ಕಣೇ ಎಂದು ಗೊಣಗುತ್ತಾ ಬಲಕ್ಕೆ ಹೊರಳುತ್ತಾನೆ. ಎಂಬತ್ತು ದಾಟಿದ ಅತ್ತೆ ಇದನ್ನೆಲ್ಲ ನೋಡಿ, ಹಗಲು ಹೊತ್ತಿನಲ್ಲಿ ಮಲಗುವುದನ್ನೇ ಬಿಟ್ಟಿದ್ದಾರೆ. “ನನ್ನನ್ನ ಮಾತ್ರ ಮಲಗಿಸ್ಬೇಡ ತಾಯಿ,” ಎನ್ನುತ್ತಾರೆ, “ನಾನು ನಿಂತೇ ಹೋಗ್ತೀನಿ.”

ಮಗ್ಗುಲಮ್ಮನ ಮೊದಲ ವರ್ಷದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅವಳೇ ಎಲ್ಲರಿಗೂ ಹೇಳುತ್ತಾಳೆ.

ಪ್ರತಿ ಹಾಸಿಗೆಯ ಕಾಲಿಗೆ ತಿಂಗಳ ಹಾಳೆಯೊಂದು ನೇತುಹಾಕಿರುತ್ತದೆ, ದಿನಕ್ಕೊಂದು ಸಾಲು. ಎಂಟು, ಹತ್ತು, ಹನ್ನೆರಡು, ಎರಡು, ಹೀಗೆ ಹೊತ್ತುಗಳು. ಎದುರಿಗೆ ಯಾವ ಮಗ್ಗುಲು ಎಂಬ ಚೌಕ. ಅದರಲ್ಲೊಂದು ಸರಿ ಗುರುತು, ಪಕ್ಕದಲ್ಲಿ ಸಹಿ. ಆ ಮನೆಯ ಪದ್ಧತಿ ಏನೆಂದರೆ, ಬೆಳಿಗ್ಗೆ ಒಂಬತ್ತರ ಚಹಾ ಹೊತ್ತಿನಲ್ಲಿ ಆಯಾಗಳೆಲ್ಲ ಕೂತು ಸಂಜೆ ಎಂಟರವರೆಗಿನ ಗುರುತುಗಳನ್ನು ಒಟ್ಟಿಗೇ ಹಾಕಿಬಿಡುವುದು. ಅದಕ್ಕೆ ಸಾಲು ಮುಗಿಸೋದು ಎಂದು ಹೆಸರು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ. ಆಮೇಲೆ ಕೈತುಂಬ ಕೆಲಸ, ಪೆನ್ನು ಹುಡುಕುವುದು ಯಾರು ಎಂಬುದು ಅವರ ಸಮಜಾಯಿಷಿ. ಅದು ಪೂರ್ತಿ ಸುಳ್ಳೂ ಅಲ್ಲ.

ಹೊಸಬಳಾದ ಇವಳೂ ಸಾಲು ಮುಗಿಸಿದಳು. ಆ ದಿನ ಆರನೆಯ ಹಾಸಿಗೆಯ ನಿವೃತ್ತ ಪೋಸ್ಟ್‌ಮನ್ ಬೆಳಿಗ್ಗೆ ಹನ್ನೊಂದೂವರೆಗೆ ತೀರಿಕೊಂಡ. ವಾರ ಕಳೆದು ಅವನ ತಮ್ಮ ಕಾಗದಪತ್ರ ಒಯ್ಯಲು ಬಂದ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನ ಓದಿದ. “ನಮ್ಮಣ್ಣ ಸಾಯಂಕಾಲ ಆರಕ್ಕೆ ಬಲಕ್ಕೆ ತಿರುಗಿದ್ದಾನೆ ಅಂತ ಇದೆ ಇದರಲ್ಲಿ,” ಅಂದ. “ಆರಕ್ಕೆ ನಾವು ಅವನನ್ನ ಮಣ್ಣು ಮಾಡಿ ಬಂದು ಕೈ ತೊಳ್ಕೋತಾ ಇದ್ವಿ.” ಕೂಗಾಡಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೋದ. ಅಡುಗೆಮನೆಯಲ್ಲಿ ಆ ಸಂಜೆ ಎಲ್ಲರೂ ನಕ್ಕರು: ಸತ್ತವನನ್ನೂ ಬಿಡದೆ ಹೊರಳಿಸಿದ್ದಾಳೆ, ಎಂಥಾ ಕೆಲಸಗಾತಿ. ಮಗ್ಗುಲಮ್ಮನೂ ನಕ್ಕಳು. ಮನೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಇಳಿಯುವ ನಿಲ್ದಾಣ ದಾಟಿಹೋದದ್ದೇ ತಿಳಿಯಲಿಲ್ಲ.

ಮಾರನೆಯ ದಿನದಿಂದ ಅವಳು ತಿರುಗಿಸಿದ ಮೇಲೆಯೇ ಗುರುತು ಹಾಕತೊಡಗಿದಳು. ಯಾವ ಹೊತ್ತಿಗಾದರೂ ತಪ್ಪಿದರೆ ಆ ಚೌಕದಲ್ಲೊಂದು ಸೊನ್ನೆ ಬರೆದಳು. ಸೊನ್ನೆ ಎಂದರೆ, ಈ ಹೊತ್ತಿನಲ್ಲಿ ಈ ಮನುಷ್ಯನ ಬಳಿ ನಾನು ಬರಲಿಲ್ಲ ಎಂದು. ಇಪ್ಪತ್ತು ವರ್ಷ ಯಾರೂ ಅದನ್ನು ಲೆಕ್ಕಕ್ಕಿಡಲಿಲ್ಲ. ತಿಂಗಳಿಗೆ ಒಂದೋ ಎರಡೋ ಸೊನ್ನೆ. ಮಗ್ಗುಲಮ್ಮನ ಹುಚ್ಚು ಎಂದು ಬಿಟ್ಟಿದ್ದರು.

ಕಳೆದ ವರ್ಷ ಮ್ಯಾನೇಜರ್ ಸಾಹೇಬರಿಗೆ ಕೆಳಗಿನ ಮುಂಬಾಗಿಲ ಕೋಣೆ ಸಪ್ಪೆ ಎನ್ನಿಸಿತು. ಹೊಸ ಸೋಫಾ ಬಂತು. ಮೀನಿನ ತೊಟ್ಟಿ ಬಂತು. ‘ನಮ್ಮಲ್ಲಿ ಆರೈಕೆಯೇ ಮೊದಲು’ ಎಂಬ ಬರಹ ಚೌಕಟ್ಟು ಹಾಕಿಸಿಕೊಂಡು ಗೋಡೆಗೇರಿತು. ನೋಡಲು ಬರುವ ಬಂಧುಗಳನ್ನು ನಗುಮುಖದಿಂದ ಕೂರಿಸಲು ಒಬ್ಬರು ಬೇಕಾಯಿತು. ಬಂಧುಗಳು ಬರುವುದು ಮಧ್ಯಾಹ್ನ. ಹಾಗಾಗಿ ಮೇಲಿನ ಇಬ್ಬರು ಆಯಾಗಳಲ್ಲಿ ಒಬ್ಬಳನ್ನು ದಿನವೂ ಒಂದರಿಂದ ಆರರವರೆಗೆ ಕೆಳಗಿಳಿಸಿದರು. ಬಿರುಗಾಳಿ ಎಂದು ಎಲ್ಲರೂ ಕರೆಯುವ, ಓಡುತ್ತಲೇ ಮಾತಾಡುವ ಅವಳು ಮಗ್ಗುಲಮ್ಮನಿಗಿಂತ ಹತ್ತು ವರ್ಷ ಚಿಕ್ಕವಳು. ಅವಳ ಕೆಲಸ ಈಗ ನಗುವುದು ಮತ್ತು ಮೀನಿಗೆ ಕಾಳು ಹಾಕುವುದು. ಮೀನುಗಳನ್ನು ಯಾರೂ ಹೊರಳಿಸಬೇಕಿಲ್ಲ. ಆ ಮನೆಯಲ್ಲಿ ತಾವಾಗಿ ಮಗ್ಗುಲು ಬದಲಿಸುವವು ಅವೇ, ಅವಕ್ಕೇ ಒಬ್ಬಳು ಆಯಾ.

ಮೇಲಿನ ಎಂಟು ಜನರಲ್ಲಿ ಏಳು ಜನರನ್ನು ಮಗ್ಗುಲಮ್ಮ ಹೇಗೋ ಒಬ್ಬಳೇ ತಿರುಗಿಸಿಯಾಳು. ಟೈಲರ್ ಯಜಮಾನರನ್ನು ಆಗದು. ಆಳು ಆರಡಿ, ತೊಂಬತ್ತು ಕಿಲೋ, ಲಕ್ವ ಹೊಡೆದು ಎಡಭಾಗ ಪೂರ್ತಿ ಹೋಗಿದೆ. ಅವರನ್ನು ಇಬ್ಬರು ಸೇರಿ ಎತ್ತಿ ತಿರುಗಿಸಬೇಕು. ಒಬ್ಬರೇ ಎಳೆದರೆ ಹಾಸಿಗೆಗೆ ಉಜ್ಜಿ ತೊಗಲು ಕಿತ್ತುಬರುತ್ತದೆ. ಮೊದಲ ದಿನ ಅವಳು ಹಾಸಿದ ಬಟ್ಟೆ ಸಮೇತ ಒಬ್ಬಳೇ ಹೊರಳಿಸಲು ಹೋದಳು. ಯಜಮಾನರು ಜಾರಿ ಮಂಚದ ಅಂಚಿಗೆ ಬಂದರು. ಕೆಳಗೆ ಬೀಳದಂತೆ ಮಂಡಿ ಕೊಟ್ಟು, ತಬ್ಬಿಕೊಂಡು, ಯಾರಾದರೂ ಬರುವವರೆಗೆ ಹತ್ತು ನಿಮಿಷ ನಿಂತಳು. ಅವರು ಕನಸಿನಲ್ಲೇ, ಈ ಗಿರಾಕಿ ಬಹಳ ಹತ್ತಿರ ನಿಲ್ತಾರಪ್ಪ ಎಂದರಂತೆ. ಅದನ್ನು ಹೇಳಿ ಅವಳು ನಗುತ್ತಾಳೆ, ಆದರೆ ಆ ಪ್ರಯತ್ನವನ್ನು ಮತ್ತೆ ಮಾಡಲಿಲ್ಲ.

ಮಾತ್ರೆ ಹಂಚುವ ದೊಡ್ಡ ಸಿಸ್ಟರನ್ನು ಕೇಳಿದಳು. ಆಕೆಗೆ ಎರಡು ಅಂತಸ್ತು, ನಲವತ್ತು ಜನ, ಜೊತೆಗೆ ಸೊಂಟನೋವು. ಎರಡು ದಿನ ಕೈ ಜೋಡಿಸಿದರು, ಮೂರನೆಯ ದಿನ ಆಗೋಲ್ಲಮ್ಮ ಅಂದರು. ಬಿರುಗಾಳಿಯನ್ನು ಐದು ನಿಮಿಷ ಮೇಲಕ್ಕೆ ಕಳಿಸಿ ಎಂದು ಮ್ಯಾನೇಜರನ್ನು ಕೇಳಿದಳು. ಬಂಧುಗಳು ಬಂದಾಗ ಮುಂಬಾಗಿಲು ಖಾಲಿ ಕಂಡರೆ ಮನೆಯ ಮರ್ಯಾದೆ ಏನಾಗಬೇಕು ಎಂಬ ಉತ್ತರ ಬಂತು. ಹೀಗೆ ಹಾಳೆಯ ಸರದಿಯಂತೆ ಹನ್ನೆರಡಕ್ಕೆ ಬಲಕ್ಕೆ ತಿರುಗಿದ ಯಜಮಾನರು ಆರರವರೆಗೆ ಬಲಕ್ಕೇ ಇರತೊಡಗಿದರು. ಬೆನ್ನಿಗೆ ದಿಂಬು ತುರುಕಿ ಅಷ್ಟಿಷ್ಟು ವಾಲಿಸುತ್ತಿದ್ದಳು. ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎರಡು ಗಂಟೆಯ ಚೌಕದಲ್ಲಿ ಸೊನ್ನೆ. ನಾಲ್ಕು ಗಂಟೆಯ ಚೌಕದಲ್ಲಿ ಸೊನ್ನೆ. ದಿನಕ್ಕೆ ಎರಡು.

ಮೊದಲು ಕೆಟ್ಟದ್ದು ಕನಸು. ಅಳತೆ ಮುಂದೆ ಹೋಗಲಿಲ್ಲ. ಎದೆ, ಸೊಂಟ, ಕಾಲರು ಎಂದು ಊರಿನ ಕೋಟುಗಳನ್ನೆಲ್ಲ ಹೊಲಿಯುತ್ತಿದ್ದವರು, ಮಧ್ಯಾಹ್ನವಿಡೀ ಒಂದೇ ಮಾತು ಹಿಡಿದರು. ತೋಳು ಇಪ್ಪತ್ಮೂರು. ತೋಳು ಇಪ್ಪತ್ಮೂರು. ಬೆರಳುಗಳು ಹೊದಿಕೆಯ ಅಂಚನ್ನು ಅದೇ ಜಾಗದಲ್ಲಿ ಹೊಲಿದು, ಬಿಚ್ಚಿ, ಹೊಲಿದವು. ಒಮ್ಮೆ ಕಣ್ಣು ಅರ್ಧ ತೆರೆದು ಅವಳನ್ನು ಕೇಳಿದರು: “ಈ ತೋಳು ಮುಗೀತಾನೇ ಇಲ್ವಲ್ಲಮ್ಮ, ಯಾಕೆ?”

ಸೊನ್ನೆ ಶುರುವಾದ ನಾಲ್ಕನೆಯ ದಿನ ಬಲ ಸೊಂಟದ ಎಲುಬಿನ ಮೇಲೆ ಕೆಂಪು ಕಂಡಿತು. ಅವಳು ಬೆರಳಿಂದ ಮೆಲ್ಲಗೆ ಒತ್ತಿ ನೋಡಿದಳು. ಆರೋಗ್ಯದ ಚರ್ಮವಾದರೆ ಒತ್ತಿದಲ್ಲಿ ಬಿಳಿಚಿಕೊಳ್ಳಬೇಕು. ಬಿಳಿಚಿಕೊಳ್ಳಲಿಲ್ಲ. ಏಳನೆಯ ದಿನ ಚರ್ಮ ಒಡೆಯಿತು. ಅಂದು ನಾಲ್ಕರ ಮೇಲೆ ಡಾಕ್ಟರು ಬಂದು ಮುಲಾಮು, ಪಟ್ಟಿ, ಎರಡು ಗಂಟೆಗೊಮ್ಮೆ ತಪ್ಪದೆ ಹೊರಳಿಸಬೇಕು ಎಂದು ಬರೆದು ಹೋದರು. ಅಲ್ಲಿಗೆ ಹಾಳೆಯಲ್ಲಿದ್ದ ಸೊನ್ನೆಗಳು ಹದಿನಾಲ್ಕು. ಹುಣ್ಣು ಹೀಗೇ ಆಳಕ್ಕಿಳಿದರೆ ಎಲುಬು ಮುಟ್ಟುತ್ತದೆ, ಎಲುಬು ಮುಟ್ಟಿದರೆ ನಂಜೇರುತ್ತದೆ, ಆ ವಯಸ್ಸಿನಲ್ಲಿ ನಂಜೇರಿದವರು ತಿರುಗಿ ಬರುವುದಿಲ್ಲ. ಅದನ್ನು ಅವಳಿಗೆ ಯಾರೂ ಓದಿ ಹೇಳಬೇಕಿರಲಿಲ್ಲ. ಹಾಗೆ ಹೋದ ಮೂವರನ್ನು ಅವಳೇ ತೊಳೆದಿದ್ದಳು. ಮಧ್ಯಾಹ್ನಕ್ಕೆ ಇನ್ನೆರಡು ಕೈ ಬೇಕು. ಅಷ್ಟೇ ಬೇಕಾಗಿದ್ದದ್ದು.

ಅದೇ ಸಂಜೆ ಸುದ್ದಿ ಬಂತು: ಇನ್ನೆರಡು ದಿನಕ್ಕೆ ಗುಣಮಟ್ಟದ ತಪಾಸಣೆ.

ಮನೆ ಎದ್ದು ಕೂತಿತು. ನೆಲ ಉಜ್ಜಿದರು, ಪರದೆ ಒಗೆದರು, ತೊಟ್ಟಿಯ ನೀರು ಬದಲಿಸಿದರು. ಮ್ಯಾನೇಜರ್ ಹಾಸಿಗೆಹಾಸಿಗೆಯ ಹಾಳೆಗಳನ್ನು ತರಿಸಿ ನೋಡಿ, ನಾಲ್ಕನೆಯ ಹಾಸಿಗೆಯ ಹಾಳೆಯ ಮೇಲೆ ಕೈ ಇಟ್ಟುಕೊಂಡು ಕೂತರು. ಗಲೀಜಾಗಿರುವ ಹಾಳೆಗಳನ್ನೆಲ್ಲ ಫೇರ್ ಕಾಪಿ ಮಾಡಿ ಎಂದು ಅಪ್ಪಣೆಯಾಯಿತು. ಗಲೀಜಾಗಿದ್ದದ್ದು ಒಂದೇ ಹಾಳೆ. ದೊಡ್ಡ ಸಿಸ್ಟರ್ ಮಗ್ಗುಲಮ್ಮನನ್ನು ಪಕ್ಕಕ್ಕೆ ಕರೆದು, ವಯಸ್ಸಾದವರ ಚರ್ಮ ಅಂದ್ರೆ ಕಾಗದ, ಎಷ್ಟು ನೋಡಿಕೊಂಡ್ರೂ ಒಡೆಯುತ್ತೆ, ನೀನ್ಯಾಕೆ ತಲೆ ಮೇಲೆ ಎಳ್ಕೋತೀಯ ಎಂದು ಬುದ್ಧಿ ಹೇಳಿದರು. ಹೊಸ ಹಾಳೆಗೆ ಸಹಿ ಹಾಕದಿದ್ದರೆ ಸೋಮವಾರದಿಂದ ಬಟ್ಟೆ ಒಗೆಯುವ ಕಡೆಗೆ ಹೋಗಬೇಕಾಗುತ್ತದೆ ಎಂದೂ ಹೇಳಿದರು. ಕೆಟ್ಟ ಹೆಂಗಸಲ್ಲ ಆಕೆ. ಕೆಟ್ಟವರಿಂದ ಕೆಡುವುದಕ್ಕಿಂತ ಹೆಚ್ಚು, ಸುಸ್ತಾದ ಒಳ್ಳೆಯವರಿಂದ ಈ ಲೋಕ ಕೆಟ್ಟಿದೆ.

ಮಗ್ಗುಲಮ್ಮ ಆಗಲಿ ಅನ್ನಲಿಲ್ಲ, ಆಗೋಲ್ಲ ಅನ್ನಲಿಲ್ಲ. ಹಾಳೆಗಳನ್ನು ಮೇಜಿನ ಮೇಲೇ ಬಿಟ್ಟು ಆರರ ಸರದಿಗೆ ಹೋದಳು. ಹೊಸ ಹಾಳೆಯನ್ನು ಕೊನೆಗೆ ಬರೆದದ್ದು ಬಿರುಗಾಳಿ. ಎಡ, ಬೆನ್ನು, ಬಲ, ಸರಿ, ಸರಿ, ಸರಿ. ಮಾರನೆಯ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳೇ ಹೇಳಿದಳು.

“ನಿನ್ನ ಸಹೀನೂ ನಾನೇ ಹಾಕ್ದೆ ಅಕ್ಕ. ಎರಡು ಗೀಟು, ಒಂದು ಸುರುಳಿ. ಏನ್ ಮಹಾ.”

“ಯಾಕೆ ಹಾಕ್ದೆ?”

“ಇನ್ನೇನು ಮಾಡ್ಲಿ? ನಿನ್ನನ್ನ ಒಗೆಯೋಕೆ ಕಳಿಸ್ಬಿಟ್ರೆ ಇಲ್ಲಿ ನನಗೆ ಬೈಯೋರು ಯಾರಿರ್ತಾರೆ?”

ಮಗ್ಗುಲಮ್ಮ ಅವಳಿಗೆ ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು ಎಂದು ಬಿರುಗಾಳಿ ಆಮೇಲೆ ಹೇಳಿದಳು.

ತಪಾಸಣೆಗೆ ಬಂದಾಕೆ ಕನ್ನಡಕವನ್ನು ಹಣೆಗೇರಿಸಿಕೊಂಡ ಮಧ್ಯವಯಸ್ಸಿನ ಹೆಂಗಸು. ಬೆಳಗಿನಿಂದ ಕಚೇರಿಯಲ್ಲಿ ಕೂತು ಕಡತ ಓದಿದರು. ಬೆಂಕಿ ಆರಿಸುವ ಡಬ್ಬಿಯ ತಾರೀಖು ನೋಡಿದರು, ಮಾತ್ರೆಗಳ ಬೀಗ ನೋಡಿದರು, ಹೊರಳಿಸುವ ಹಾಳೆಗಳನ್ನು ನೋಡಿ ಅಚ್ಚುಕಟ್ಟು ಎಂದರು. ಅಚ್ಚುಕಟ್ಟೇ ಹೌದು. ಸುಳ್ಳಿನಷ್ಟು ಅಚ್ಚುಕಟ್ಟು ಬೇರೆ ಯಾವುದಿದೆ? ನಿಜಕ್ಕಾದರೆ ಯಾವತ್ತೂ ಒಂದು ತೋಳು ಗಿಡ್ಡ.

ಎರಡು ಗಂಟೆಗೆ ಅವರು ಮ್ಯಾನೇಜರ್ ಮತ್ತು ದೊಡ್ಡ ಸಿಸ್ಟರ್ ಜೊತೆ ಮೇಲೆ ಒಂದು ಸುತ್ತು ಬಂದರು. ಬಾಗಿಲು ದಾಟಿದ್ದೇ ಮೂವರ ದನಿಯೂ ತಾನಾಗಿ ಇಳಿಯಿತು. ಹಳದಿ ಬೆಳಕಿನಲ್ಲಿ ಎಂಟು ಉಸಿರು ಏರಿಳಿಯುತ್ತಿದ್ದವು. ಚಾಲಕ ಯಾವುದೋ ತಿರುವಿನಲ್ಲಿ ಹಾರನ್ ಒತ್ತಿದ. ತಪಾಸಣೆಯಾಕೆ ಒಂದು ಕ್ಷಣ ತಮ್ಮ ಕೈಯ ಕಡತ ಮರೆತವರಂತೆ ಕಿಟಕಿಯ ಕಡೆ ನೋಡುತ್ತಾ ನಿಂತರು. ನಿದ್ದೆ ಅಂಟುಜಾಡ್ಯ, ಅವರ ಭುಜಗಳೂ ಸಡಿಲವಾದವು.

ಮಗ್ಗುಲಮ್ಮ ನಾಲ್ಕನೆಯ ಹಾಸಿಗೆಯ ಬಳಿ ಅಂಗೈ ಉಜ್ಜುತ್ತಾ ನಿಂತಿದ್ದಳು. ಏನು ಮಾಡಬೇಕೆಂದು ಅವಳು ಮೊದಲೇ ಯೋಚಿಸಿರಲಿಲ್ಲ. ದೂರು ಹೇಳಿದರೆ ಬಿರುಗಾಳಿ ಸಿಕ್ಕಿಬೀಳುತ್ತಾಳೆ. ಸುಮ್ಮನಿದ್ದರೆ ಯಜಮಾನರು ಆರರವರೆಗೆ ಆ ಹುಣ್ಣಿನ ಮೇಲೇ ಮಲಗುತ್ತಾರೆ. ಗಡಿಯಾರ ಎರಡು ತೋರಿಸುತ್ತಿತ್ತು. ಅವಳು ಎದುರಿಗಿದ್ದ ಹೊಸ ಕೈಗಳನ್ನು ನೋಡಿದಳು.

“ಮೇಡಂ, ಒಂದು ಕೈ ಕೊಡ್ತೀರಾ? ಹೊತ್ತಾಯ್ತು. ಯಜಮಾನ್ರನ್ನ ಎಡಕ್ಕೆ ತಿರುಗಿಸ್ಬೇಕು.”

ಅದಕ್ಕೆಲ್ಲ ನಮ್ಮ ಸಿಬ್ಬಂದಿ ಇದ್ದಾರೆ ಎಂದು ಮ್ಯಾನೇಜರ್ ಮುಂದೆ ಬಂದರು. ಎಲ್ಲಿದ್ದಾರೆ ಎಂದು ತಪಾಸಣೆಯಾಕೆ ಸುತ್ತ ನೋಡಿದರು. ದೊಡ್ಡ ಸಿಸ್ಟರ್ ತಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ಮೆಟ್ಟಿಲ ಕಡೆ ನೋಡಿದರು.

“ದಿನಾ ಯಾರ ಜೊತೆ ತಿರುಗಿಸ್ತೀರಿ?” ತಪಾಸಣೆಯಾಕೆ ಕೇಳಿದರು.

“ಈ ಹೊತ್ತಲ್ಲಿ ದಿನಾ ತಿರುಗಿಸಲ್ಲ ಮೇಡಂ. ತಿರುಗಿಸೋ ಹಾಗಿದ್ರೆ ನಿಮ್ಮನ್ನ ಯಾಕೆ ಕರೀತಿದ್ದೆ?”

ಕಿಟಕಿಯ ಕಡೆಯಿಂದ ಹೆಡ್‌ಮಿಸ್, ನಿದ್ದೆಯಲ್ಲೋ ಎಚ್ಚರದಲ್ಲೋ, “ಉತ್ತರ ಸರಿ, ಕೂತ್ಕೋ,” ಅಂದರು.

ತಪಾಸಣೆಯಾಕೆ ಕಡತವನ್ನು ಸ್ಟೂಲಿನ ಮೇಲಿಟ್ಟರು. ಮಗ್ಗುಲಮ್ಮ ಹೇಳಿದಂತೆ ಗಡಿಯಾರ, ಉಂಗುರ ಬಿಚ್ಚಿ, ಕೈ ತೊಳೆದು ಬಂದರು. ತಣ್ಣಗಿದೆ, ಉಜ್ಜಿಕೊಳ್ಳಿ ಎಂದರೆ ಉಜ್ಜಿಕೊಂಡರು. ಒಂದು, ಎರಡು, ಮೂರು ಎನ್ನುತ್ತಲೇ ಆ ತೊಂಬತ್ತು ಕಿಲೋ ಅವರ ಮುಂಗೈಗೆ ಇಳಿಯಿತು. ಹಾಳೆಯಲ್ಲಿ ಒಂದು ಸಣ್ಣ ಗೀಟಿನಷ್ಟಿದ್ದ ಭಾರ ಅದು. ಅವರ ಮುಖ ಕೆಂಪೇರಿತು, ಉಸಿರು ಕಟ್ಟಿತು. ಯಜಮಾನರು ತೇಲಿದಂತೆ ಮೇಲೆದ್ದು ಎಡಕ್ಕೆ ಇಳಿದರು. ಬಲ ಸೊಂಟ ಬೆಳಕಿಗೆ ಬಂತು. ಪಟ್ಟಿ ತೇವವಾಗಿತ್ತು. ಮಗ್ಗುಲಮ್ಮ ಅದನ್ನು ಬಿಚ್ಚಿ, ಪಕ್ಕಕ್ಕೆ ಸರಿದು ನಿಂತಳು.

ಯಜಮಾನರ ಬೆರಳುಗಳು ಹೊದಿಕೆಯ ಅಂಚನ್ನು ಬಿಟ್ಟವು. “ಆ ತೋಳು ಆಯ್ತು,” ಅಂದರು ಕಣ್ಣು ಮುಚ್ಚಿಕೊಂಡೇ. “ಇನ್ನೊಂದು ಕೊಡಿ.”

ತಪಾಸಣೆಯಾಕೆ ಬಹಳ ಹೊತ್ತು ಆ ಹುಣ್ಣನ್ನು ನೋಡಿದರು, ಆಮೇಲೆ ಹಾಳೆಯಲ್ಲಿದ್ದ ಎರಡು ಗಂಟೆಯ ಸರಿ ಗುರುತುಗಳನ್ನು ಮೇಲಿಂದ ಕೆಳಗೆ ಬೆರಳಲ್ಲಿ ಎಣಿಸಿದರು. ಇದಕ್ಕೆ ಮುಂಚಿನ ಹಾಳೆ ಎಲ್ಲಿ ಎಂದು ಕೇಳಿದರು. ಇದೇ ಹಾಳೆ ಎಂದರು ಮ್ಯಾನೇಜರ್.

ಆಗ ಮೆಟ್ಟಿಲ ಮೇಲೆ ಓಡುವ ಹೆಜ್ಜೆ ಕೇಳಿಸಿತು. ಕೆಳಗೆ ಮಾತು ಹೇಗೆ ಮುಟ್ಟಿತೋ. ಆ ಮನೆಯಲ್ಲಿ ಗೋಡೆಗಳಿಗೂ ಕಿವಿ, ಮೀನುಗಳಿಗೂ ಕಿವಿ. ಬಿರುಗಾಳಿ ಮೀನಿನ ಕಾಳಿನ ಡಬ್ಬಿ ಹಿಡಿದು ಬಂದು, ಮುಚ್ಚಳ ತೆಗೆದು, ಸುರುಳಿ ಸುತ್ತಿದ್ದ ಹಾಳೆಯನ್ನು ಕೊಡವಿ ಮುಂದೆ ಹಿಡಿದಳು. ಕಾಳು ನೆಲಕ್ಕೆ ಉದುರಿತು.

“ಹರಿದು ಬಿಸಾಕು ಅಂದಿದ್ರು. ಕೈ ಬರ್ಲಿಲ್ಲ,” ಅಂದಳು. “ಹೊಸದರಲ್ಲಿರೋ ಸಹಿ ನಂದು. ಅಕ್ಕ ಹಾಕಿದ್ದಲ್ಲ.”

ಹದಿನಾಲ್ಕು ಸೊನ್ನೆಗಳು ಹಳದಿ ಬೆಳಕಿನಲ್ಲಿ ದುಂಡಗೆ ಕಂಡವು.

ಮುಂದೆ ಆದದ್ದನ್ನು ಚುಟುಕಾಗಿ ಹೇಳಬಹುದು. ತಪಾಸಣೆಯ ವರದಿಯಲ್ಲಿ ಆ ಮನೆಯ ದರ್ಜೆ ಇಳಿಯಿತು. ಮಧ್ಯಾಹ್ನದ ಹೊತ್ತು ಮೇಲಂತಸ್ತಿನಲ್ಲಿ ಇಬ್ಬರಿಗಿಂತ ಕಡಿಮೆ ಇರಕೂಡದು ಎಂದು ಬರಹದಲ್ಲಿ ಬಂತು. ಬಿರುಗಾಳಿ ಮೇಲೆ ಬಂದಳು, ಮುಂಬಾಗಿಲಿಗೆ ಕರೆಗಂಟೆ ಬಂತು, ಬಂಧುಗಳು ಅದನ್ನು ಒತ್ತಿ ತಾವೇ ಕೂರುತ್ತಾರೆ; ಯಾರ ಮರ್ಯಾದೆಯೂ ಹೋಗಲಿಲ್ಲ. ಯಜಮಾನರಿಗೆ ಗಾಳಿ ತುಂಬುವ ಹಾಸಿಗೆ ತರಿಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನಬಹುದು, ಆದರೂ ಹಾಕಿದರಲ್ಲ.

ಇನ್ನೊಂದೂ ಆಯಿತು. ಮ್ಯಾನೇಜರ್ ಕಚೇರಿಯಿಂದ ಮಗ್ಗುಲಮ್ಮನಿಗೆ ಒಂದು ಕಾಗದ ಬಂತು. ನಾಲ್ಕನೆಯ ಹಾಸಿಗೆಯವರನ್ನು ನಿಗದಿತ ಹೊತ್ತಿನಲ್ಲಿ ಹದಿನಾಲ್ಕು ಬಾರಿ ತಿರುಗಿಸದೆ ಕರ್ತವ್ಯಲೋಪ ಎಸಗಿದ್ದೀರಿ, ಇದಕ್ಕೆ ನಿಮ್ಮದೇ ಕೈಬರಹದ ಪುರಾವೆ ಇದೆ, ಏಳು ದಿನಗಳೊಳಗೆ ಉತ್ತರ ಕೊಡಿ. ಮನೆಯ ಬೇರೆ ಯಾವ ಆಯಾಗೂ ಕಾಗದ ಬರಲಿಲ್ಲ. ಅವರ ಹಾಳೆಗಳಲ್ಲಿ ಸೊನ್ನೆಗಳೇ ಇರಲಿಲ್ಲ. ಗುಣಮಟ್ಟ ಎಂಬ ಮಾತನ್ನು ಚೌಕಟ್ಟು ಹಾಕಿಸುವ ಎಲ್ಲರೂ ಈ ಕಾಗದವನ್ನು ಒಮ್ಮೆ ಓದಬೇಕು. ತಪ್ಪಿದ್ದನ್ನು ತಪ್ಪಿತು ಎಂದು ಬರೆದವಳೊಬ್ಬಳೇ ತಪ್ಪಿತಸ್ಥೆಯಾದ ಮೇಲೆ, ಮಾರನೆಯ ದಿನ ಯಾವ ಹಾಳೆಯಲ್ಲಿ ಯಾರು ನಿಜ ಬರೆದಾರು?

ಗಂಡ ಕಾಗದ ಓದಿ, ಏನಂತ ಬರೀತೀಯ ಎಂದು ಕೇಳಿದ. ಗೊತ್ತಿಲ್ಲ ಎಂದಳು. ಅವಳ ತಲೆಯಲ್ಲಿದ್ದದ್ದು ಇನ್ನೊಂದು ಉತ್ತರ. ಟೈಲರ್ ಯಜಮಾನರ ಮಗಳು ಭಾನುವಾರ ಬರುವವಳಿದ್ದಳು.

ಆ ಮಗಳು ಬ್ಯಾಂಕಿನಲ್ಲಿ ಗುಮಾಸ್ತೆ. ಪ್ರತಿ ಭಾನುವಾರ ಮೂರೂವರೆಗೆ ಬಂದು ಅಪ್ಪನ ಉಗುರು ಕತ್ತರಿಸಿ, ತಲೆ ಬಾಚಿ ಹೋಗುವವಳು. ಹುಣ್ಣಿನ ವಿಷಯ ಅವಳಿಗೆ ಫೋನಿನಲ್ಲಿ ಹೇಳಿದ್ದರು, ವಯಸ್ಸಿನ ಚರ್ಮ ಎಂದು. ಮಗ್ಗುಲಮ್ಮ ಅವಳನ್ನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ತಾನು ನಿಂತೇ ಹೇಳಿದಳು.

“ವಯಸ್ಸಲ್ಲಮ್ಮ. ಹದಿನಾಲ್ಕು ಸಲ ನಿಮ್ಮಪ್ಪನ್ನ ನಾನು ತಿರುಗಿಸ್ಲಿಲ್ಲ.”

ಮಗಳು ಅವಳ ಮುಖ ನೋಡಿದಳು. ಯಾಕೆ ಎಂದು ಕೇಳಿದಳು. ಮಗ್ಗುಲಮ್ಮ ಇದ್ದದ್ದನ್ನು ಹೇಳಿದಳು, ತನಗೆ ಬಂದ ಕಾಗದವನ್ನು ಬಿಟ್ಟು. ಕಾಗದದ ಮಾತನ್ನು ಸೇರಿಸಿದವಳು ಹಿಂದೆ ನಿಂತಿದ್ದ ಬಿರುಗಾಳಿ.

ಮಗಳು ಎದ್ದು ಕಿಟಕಿಯವರೆಗೆ ಹೋದಳು. ಪರದೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಸಿಟ್ಟು ಯಾರ ಮೇಲೆ ಎಂದು ಅವಳಿಗೇ ತಿಳಿದಿರಲಿಲ್ಲ ಅನ್ನಿಸುತ್ತದೆ. ಎದುರಿಗಿದ್ದವಳ ಮೇಲೂ ಇತ್ತು, ಇರಬೇಕಾದದ್ದೇ. ಮಗ್ಗುಲಮ್ಮ ಕಾದಳು. ಕ್ಷಮಿಸಿ ಎನ್ನಲಿಲ್ಲ, ಆ ಮಾತು ತನಗೆ ತುಂಬ ಅಗ್ಗಕ್ಕೆ ಸಿಕ್ಕುತ್ತದೆ ಎಂದು ಅವಳಿಗೆ ಅನ್ನಿಸಿತ್ತಂತೆ.

“ನೀವು ಬರೀದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ,” ಅಂದಳು ಮಗಳು ಕೊನೆಗೆ, ತಿರುಗದೆಯೇ.

“ಇಲ್ಲ.”

“ಆ ಕಾಗದಕ್ಕೆ ಉತ್ತರ ನಾನು ಬರೀತೀನಿ ಅಕ್ಕ. ನನ್ನ ಹೆಸರಲ್ಲಿ.”

ನಾಲ್ಕು ಗಂಟೆಯಾಗಿತ್ತು. ಮಗ್ಗುಲಮ್ಮ ಕೈ ತೊಳೆದು ಬಂದು ಯಜಮಾನರ ಭುಜದ ಬಳಿ ನಿಂತಳು. ಬಿರುಗಾಳಿ ಎದುರು ಬದಿಗೆ ಬಂದವಳು, ಮಗಳು ಅಂಗಿಯ ತೋಳು ಮೇಲಕ್ಕೆ ಮಡಿಸಿಕೊಳ್ಳುವುದನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು.

“ನಾನೆಲ್ಲಿ ಹಿಡೀಲಿ?” ಮಗಳು ಕೇಳಿದಳು.

“ಸೊಂಟದ ಕೆಳಗೆ ಎರಡೂ ಕೈ ಹಾಕಿ,” ಅಂದಳು ಮಗ್ಗುಲಮ್ಮ. “ಎಳೀಬೇಡಿ, ಎತ್ತಿ.”